ಕುಂಡದೊಳಗಿನ ಜಿರಾಫೆ

ಶಹಾಪುರ
೯ ಜೂನ್ ೧೯೯೬

ಚಿರಂಜೀವಿ ಖಾಜಾಮಿಯಾನಿಗೆ,

ಮೊನ್ನೆ ಮೇ ಮೂವತ್ತೊಂದಕ್ಕೆ ನಿವೃತ್ತನಾದೆ. ನಾನು ಹುಟ್ಟಿದ್ದು ಜೂನ್ ಒಂದಕ್ಕೆ ಎಂದು ಸರ್ಕಾರ ನಂಬಿದೆ. ನಮ್ಮ ಸೀಮೆಯಲ್ಲಿ ಶಾಲೆಗೆ ಸೇರಿದವರೆಲ್ಲ ಹುಟ್ಟಿದ್ದು ಅದೇ ತಾರೀಖಿಗೆ, ನೀನೂ ಸೇರಿದಂತೆ. ಹಾರ ಹಾಕಿದರು, ಆ ಬಿಸಿಲಿನಲ್ಲಿ ಉಣ್ಣೆಯ ಶಾಲು ಹೊದಿಸಿದರು, ಒಂದು ಗೋಡೆ ಗಡಿಯಾರ ಕೊಟ್ಟರು. ಗಂಟೆ ಹೊಡೆದರೆ ಎದ್ದು ಹೋಗಲು ಇನ್ನು ತರಗತಿಯೇ ಇಲ್ಲದವನಿಗೆ ಗಡಿಯಾರ ಯಾಕೆ ಎಂದು ಕೇಳಿದೆ. ಯಾರೂ ನಗಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನೀನು ಆಫ್ರಿಕಾದ ಅರೂಷಾಕ್ಕೆ ಹೋದ ಐದು ವರ್ಷದಿಂದ ಪ್ರತಿ ಪತ್ರದ ಕೊನೆಗೆ "ಮಾಸ್ತರರೇ, ಒಮ್ಮೆ ಬನ್ನಿ, ಗೊರೊಂಗೊರೊ ತೋರಿಸುತ್ತೇನೆ" ಎಂದು ಬರೆಯುತ್ತಿದ್ದೀ. ಬರುತ್ತೇನೆ. ಬಾಯಿಮಾತಿಗೆ ಕರೆದದ್ದಾಗಿದ್ದರೆ ಈಗ ಅನುಭವಿಸು.

ಎಂಟನೆಯ ತರಗತಿಗೆ ಮೂವತ್ತು ವರ್ಷ ಭೂಗೋಳ ಹೇಳಿದೆ. ಗೊರೊಂಗೊರೊ ಎಂದರೆ ಹಳೆಯ ಜ್ವಾಲಾಮುಖಿಯ ಬಾಯಿ ಕುಸಿದು ದೊಡ್ಡ ಕುಂಡವಾದದ್ದು, ಸುತ್ತ ಗೋಡೆಯಂಥ ಗುಡ್ಡ, ಒಳಗೆ ಕೆರೆ, ಹುಲ್ಲು, ಆನೆ, ಸಿಂಹ. "ಸುರಪುರದ ಗುಡ್ಡದ ನಡುವ ನಿಂತೀರಿ ಅಂತ ತಿಳಕೊಳ್ರಿ. ಊರು ತಗದು ಅಲ್ಲಿ ಮೃಗ ಬಿಟ್ಟರ ಹೆಂಗಿರ್ತದ?" ಎಂದು ಕೇಳುತ್ತಿದ್ದೆ. ಬೋರ್ಡಿನ ಮೇಲೆ ಕುಂಡ ಬರೆದು ನಡುವೆ ಒಂದು ಜಿರಾಫೆ ನಿಲ್ಲಿಸುತ್ತಿದ್ದೆ, ಹಿಂದಿನ ಬೆಂಚಿಗೂ ಕಾಣಲಿ ಎಂದು. ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದವನು ನೀನು. ಭೀಮರಾಯನಗುಡಿಯ ಕಾಲುವೆ ಕ್ಯಾಂಪಿನಲ್ಲಿ ಜೀಪಿನ ಕೆಳಗೆ ಮಲಗಿ ಮೈಯೆಲ್ಲ ಎಣ್ಣೆ ಮಾಡಿಕೊಳ್ಳುತ್ತಿದ್ದವನು, ಕಾಲುವೆ ಕೆಲಸ ಮುಗಿದು ಮನೆಗೆ ಕಳಿಸಿದಾಗ ಅತ್ತವನು, ಈಗ ಅದೇ ಕುಂಡದೊಳಗೆ ಬಿಳಿಯರನ್ನು ಕೂರಿಸಿಕೊಂಡು ಜೀಪು ಓಡಿಸುತ್ತಿದ್ದೀ. ನಿನಗೆ ಪಾಠ ಹೇಳಿದ ನಾನು ಮಾತ್ರ ಯಾದಗಿರಿ ಸ್ಟೇಷನ್ ದಾಟಿ ಸೊಲ್ಲಾಪುರದವರೆಗೆ ಹೋಗಿದ್ದೇನೆ, ಅಷ್ಟೆ.

ನಿನ್ನ ಹಿಂದಿನ ಪತ್ರವನ್ನು ಎಂದಿನಂತೆ ನಿನ್ನ ಅಮ್ಮಿಗೆ ಓದಿ ಹೇಳಿದೆ. ಜಿರಾಫೆ ಅಡ್ಡ ಬಂದು ನೀನು ಬ್ರೇಕು ಹಾಕಿದ್ದು ಕೇಳಿ ಹಜರಾಬೀ ಗಾಬರಿಯಾದಳು. "ಮಾಸ್ತರ್ರ, ಆ ಉದ್ದ ಕುತ್ತಿಗಿದು ಜೀಪಿನ ಮ್ಯಾಲ ಬಿದ್ದಗಿದ್ದೀತು, ಹುಷಾರ್ ಅಂತ ಬರೀರಿ" ಎಂದಳು. ಬರೆದಿದ್ದೇನೆ.

ಮೋನಮ್ಮ ಬರುವುದಿಲ್ಲವಂತೆ. "ಸಿಂಹ ನೋಡಾಕ ಅಷ್ಟು ದೂರ ಯಾಕ್ರಿ? ಮೂವತ್ತೈದು ವರ್ಷದಿಂದ ಮನ್ಯಾಗ ಒಂದು ಸಾಕೀನಿ" ಎನ್ನುತ್ತಾಳೆ.

ಯಾವ ತಿಂಗಳು ಬರಲಿ ಎಂದು ಬರೆ. ಬೇಗ ಆದಷ್ಟೂ ಒಳ್ಳೆಯದು. ಕಣ್ಣು ಕಾಲು ಗಟ್ಟಿ ಇರುವಾಗ ನೋಡಬೇಕು.

ಇಂತಿ ನಿನ್ನ ಮಾಸ್ತರ,
ಮರಿಲಿಂಗಪ್ಪ

•

ಅರೂಷಾ
೨ ಜುಲೈ ೧೯೯೬

ನನ್ನ ಮಾಸ್ತರರಿಗೆ ಖಾಜಾಮಿಯಾನ ಸಲಾಮು.

ನಿಮ್ಮ ಪತ್ರವನ್ನು ಗ್ಯಾರೇಜಿನಲ್ಲಿ ನಿಂತೇ ಓದಿದೆ. ಕೈಯಲ್ಲಿದ್ದ ಪಾನಾ ಕಾಲ ಮೇಲೆ ಬಿತ್ತು. ನೀವು ಬರುತ್ತೀರಿ ಎಂದು ಇಲ್ಲಿ ಎಲ್ಲರಿಗೂ ಹೇಳಿಬಿಟ್ಟೆ. "ನಿನ್ನ ತಂದೆಯೇನು?" ಎಂದು ಕೇಳಿದರು. ಹೌದು ಎಂದೆ.

ಆದರೆ ಈಗ ಬೇಡ ಮಾಸ್ತರರೇ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬಿಳಿಯರ ದಂಡು ಬಂದಿರುತ್ತದೆ. ಒಂದು ಜೀಪೂ ಖಾಲಿ ಇರುವುದಿಲ್ಲ, ನನಗೂ ಉಸಿರಾಡಲು ಪುರಸೊತ್ತಿಲ್ಲ. ನಮ್ಮ ಮಾಲೀಕ ಸೇಠ್ ರಜೆ ಎಂದರೆ ಕೆಂಡವಾಗುತ್ತಾರೆ. ನವೆಂಬರ್‌ನಲ್ಲಿ ಬನ್ನಿ, ನಿಧಾನವಾಗಿ ತೋರಿಸುತ್ತೇನೆ.

ಮುಂದಿನದನ್ನು ಅಮ್ಮಿಗೆ ಓದಿ ಹೇಳಿ. ಅಮ್ಮಿ, ನಾನು ಚೆನ್ನಾಗಿದ್ದೇನೆ. ಹೋದ ಶುಕ್ರವಾರ ಕುಂಡದೊಳಗೆ ಇಳಿದಾಗ ಮೂರು ಜಿರಾಫೆ ಕಂಡವು, ತಾಯಿ, ತಂದೆ, ಒಂದು ಮರಿ. ಮರಿ ಜೀಪಿನ ಹತ್ತಿರ ಬಂದು ಕನ್ನಡಿಯಲ್ಲಿ ಮುಖ ನೋಡಿಕೊಂಡಿತು. ಸಿಂಹ ದೂರದಲ್ಲಿ ಮಲಗಿತ್ತು, ನನ್ನ ತಂಟೆಗೆ ಬರಲಿಲ್ಲ. ನೀನು ಚಿಂತಿ ಮಾಡಬೇಡ. ಮದುವೆ ಮಾತು ಮುಂದಿನ ವರ್ಷ ನೋಡೋಣ.

ನಿಮ್ಮ ಶಿಷ್ಯ,
ಖಾಜಾಮಿಯಾ

•

ಶಹಾಪುರ
೮ ಆಗಸ್ಟ್ ೧೯೯೬
(ಬರೆದೆ. ಅಂಚೆಗೆ ಹಾಕಲಿಲ್ಲ.)

ಖಾಜಾ,

ಯಾರಿಗೂ ಹೇಳದ್ದನ್ನು ನಿನಗೆ ಬರೆಯುತ್ತಿದ್ದೇನೆ. ಮೋನಮ್ಮನಿಗೂ ಅರ್ಧ ಮಾತ್ರ ಗೊತ್ತು.

ಆರು ತಿಂಗಳಿಂದ ಬಾಗಿಲ ಚೌಕಟ್ಟಿಗೆ ಬಲ ಹೆಗಲು ಬಡಿಯುತ್ತಿತ್ತು. ಮನೆಯ ಬಾಗಿಲು ಸಣ್ಣದಾಯಿತೋ ನಾನು ದಪ್ಪಗಾದೆನೋ ಎಂದುಕೊಂಡೆ. ನಿನ್ನೆ ಕಲಬುರಗಿಗೆ ಹೋಗಿ ಕಣ್ಣು ತೋರಿಸಿದೆ. ಕಣ್ಣಿನ ಒಳಗೆ ಒತ್ತಡ ಏರಿ ನರ ಸಾಯುತ್ತಿದೆಯಂತೆ. ಬಲಗಣ್ಣು ಮುಕ್ಕಾಲು ಹೋಗಿದೆ. ಎಡಗಣ್ಣು ಬದಿಯಿಂದ ಮುಚ್ಚಿಕೊಳ್ಳುತ್ತ ಬರುತ್ತಿದೆ. "ಹೋದದ್ದು ವಾಪಸ್ ಬರಂಗಿಲ್ರಿ ಮಾಸ್ತರ. ಇದ್ದದ್ದು ಉಳಸಾಕ ನೋಡೂಣು. ಆಪರೇಶನ್ ತಡ ಮಾಡಬ್ಯಾಡ್ರಿ" ಎಂದರು ಡಾಕ್ಟರು. ಖಾತ್ರಿ ಇದೆಯೇ ಎಂದು ಕೇಳಿದೆ. "ಖಾತ್ರಿ ನಾ ಹೆಂಗ ಕೊಡ್ಲಿ?" ಎಂದರು. ಮಾಡಿಸಿದ ಮೇಲೆ ತಿಂಗಳುಗಟ್ಟಲೆ ದೂರದ ಪ್ರಯಾಣ ಇಲ್ಲ, ದೂಳು ಇಲ್ಲ. ಮಾಡಿಸದಿದ್ದರೆ ಎಷ್ಟು ದಿನ ಎಂದರೆ ಆರು ತಿಂಗಳೂ ಆಗಬಹುದು, ವರ್ಷವೂ ಆಗಬಹುದು ಎಂದರು.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ಮಕ್ಕಳಿಂದ ನೂರು ಸಲ ಬರೆಸಿದ್ದೇನೆ. ಅರ್ಥ ಈಗ ತಿಳಿಯಿತು.

ಬಸ್ಸಿನಲ್ಲಿ ಬರುವಾಗ ಲೆಕ್ಕ ಹಾಕಿದೆ. ಖಾತ್ರಿ ಇಲ್ಲದ ಆಪರೇಶನ್ನಿಗಿಂತ ಖಾತ್ರಿ ಇರುವ ಆಫ್ರಿಕಾ ಮೇಲು. ನೀನು ಅಲ್ಲಿದ್ದೀ, ನಿನ್ನ ಜೀಪಿದೆ, ನವೆಂಬರ್ ಎಂದಿದ್ದೀ. ಮೊದಲು ನೋಡಿ ಬರುತ್ತೇನೆ. ಆಮೇಲೆ ಡಾಕ್ಟರ ಕೈಗೆ ಕಣ್ಣು ಕೊಡುತ್ತೇನೆ, ಉಳಿದರೆ ಉಳಿಯಲಿ.

ಹೆದರಿಕೆಯಾಗಿದೆ ಖಾಜಾ. ಇದನ್ನು ಬರೆದ ಮೇಲೆ ನಿನಗೆ ಕಳಿಸಲೂ ಹೆದರಿಕೆ. ಕಳಿಸಿದರೆ ನೀನು "ಮೊದಲು ಆಪರೇಶನ್ ಮಾಡಿಸಿ" ಎನ್ನುತ್ತೀ. ನಿನ್ನ ಮಾತನ್ನು ನಾನು ಮೀರಲಾರೆ.

ಮರಿಲಿಂಗಪ್ಪ

•

ಶಹಾಪುರ
೧೧ ಆಗಸ್ಟ್ ೧೯೯೬

ಚಿರಂಜೀವಿ ಖಾಜಾನಿಗೆ,

ಆಗಲಿ, ನವೆಂಬರ್. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದೇನೆ. ತನಿಖೆಗೆ ಬಂದ ಪೇದೆ ಅಯ್ಯಪ್ಪ ನನ್ನ ಹಳೆಯ ವಿದ್ಯಾರ್ಥಿಯೇ. ಅಂಗಳದಲ್ಲಿ ನಿಂತು, "ಸರ್, ನಿಮ್ಮದೂ ಜೂನ್ ಒಂದಾ? ನಂದೂ ಅದೇರಿ" ಎಂದ. ನಮ್ಮಿಬ್ಬರ ಹುಟ್ಟಿದ ಹಬ್ಬ ಒಟ್ಟಿಗೇ ಮಾಡೋಣ, ಈಗ ಸಹಿ ಹಾಕು ಎಂದೆ. ಚಹಾ ಕುಡಿದು ಸಹಿ ಹಾಕಿದ.

ಹಳದಿ ಜ್ವರದ ಸೂಜಿಗೆ ಬೊಂಬಾಯಿಗೆ ಹೋಗಬೇಕಂತೆ. ಉದ್ಯಾನ ಎಕ್ಸ್‌ಪ್ರೆಸ್ ಇದೆಯಲ್ಲ, ಹೋಗುತ್ತೇನೆ. ಕಾಲುವೆಗೆ ನೀರು ಬಿಟ್ಟಿದ್ದಾರೆ. ಜೋಳ ಬೆಳೆಯುತ್ತಿದ್ದ ಹೊಲಗಳಲ್ಲೆಲ್ಲ ಈಗ ಭತ್ತದ ನಾಟಿ. ಊರಿಗೆ ನೀರು ಬಂದಂತೆ ಸೊಳ್ಳೆಯೂ ಬಂದಿದೆ, ಆದ್ದರಿಂದ ಆಫ್ರಿಕಾದ ಸೊಳ್ಳೆಗೆ ನಾನು ಅಂಜುವವನಲ್ಲ.

ಅಕ್ಷರ ದೊಡ್ಡದಾಗಿದೆ ಎಂದು ನಗಬೇಡ. ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದ ಕೈ ಇದು.

ಜಿರಾಫೆಯ ಮರಿ ಕನ್ನಡಿ ನೋಡಿದ ಮಾತನ್ನು ನಿನ್ನ ಅಮ್ಮಿ ನನ್ನಿಂದ ಮೂರು ಸಲ ಓದಿಸಿದಳು. ಈಗ ಓಣಿಯಲ್ಲೆಲ್ಲ ಅದೇ ಮಾತು.

ಇಂತಿ,
ಮರಿಲಿಂಗಪ್ಪ

•

ಅರೂಷಾ
೨೨ ಸೆಪ್ಟೆಂಬರ್ ೧೯೯೬

ಮಾಸ್ತರರಿಗೆ ಸಲಾಮು.

ಹೇಗೆ ಬರೆಯಲಿ ತಿಳಿಯದೆ ಪತ್ರ ತಡವಾಯಿತು. ನವೆಂಬರ್‌ನಲ್ಲಿ ಇಲ್ಲಿ ಸಣ್ಣ ಮಳೆಗಾಲ. ಕುಂಡಕ್ಕೆ ಇಳಿಯುವ ದಾರಿ ಬಹಳ ಕಡಿದು, ಕೆಸರಾದರೆ ಜೀಪು ನಿಲ್ಲುವುದಿಲ್ಲ. ಅದರ ಮೇಲೆ ಮಂಜು. ನೀವು ಅಷ್ಟು ದೂರದಿಂದ ಬಂದು ಬರೀ ಮಂಜು ನೋಡಿ ಹೋಗುವುದು ನನಗೆ ಬೇಡ. ನನ್ನ ಜೀಪಿನ ಗೇರ್‌ಬಾಕ್ಸೂ ಕೈಕೊಟ್ಟಿದೆ, ಸಾಮಾನು ಜಪಾನಿನಿಂದ ಬರಬೇಕು.

ಫೆಬ್ರುವರಿ ಒಳ್ಳೆಯದು. ಆಕಾಶ ಸ್ವಚ್ಛ ಇರುತ್ತದೆ. ಕಾಡೆಮ್ಮೆ, ಜೀಬ್ರಾ ಎಲ್ಲ ಮರಿ ಹಾಕುವ ಕಾಲ. ಮೂರೇ ತಿಂಗಳ ಮಾತು ಮಾಸ್ತರರೇ. ಕುಂಡ ಎಲ್ಲಿಗೂ ಓಡಿಹೋಗುವುದಿಲ್ಲ.

ಅಮ್ಮಿಗೆ ಜಿರಾಫೆಗಳು ಚೆನ್ನಾಗಿವೆ ಎಂದು ಹೇಳಿ.

ನಿಮ್ಮ,
ಖಾಜಾಮಿಯಾ

•

ಶಹಾಪುರ
೩ ನವೆಂಬರ್ ೧೯೯೬

ಖಾಜಾ,

ಪಾಸ್‌ಪೋರ್ಟು ಬಂದಿದೆ. ಫೋಟೋದಲ್ಲಿ ನಾನು ಕಳ್ಳನ ಹಾಗೆ ಕಾಣುತ್ತೇನೆ ಎಂದು ಮೋನಮ್ಮ ಹೇಳಿದಳು. ದೆಹಲಿಯ ಟಾಂಜಾನಿಯಾ ಕಚೇರಿಗೆ ವೀಸಾ ಫಾರಂ ಕೇಳಿ ಬರೆದಿದ್ದೇನೆ. ನೀನು ಮಾಡಬೇಕಾದ್ದು ಒಂದೇ ಕೆಲಸ. ನಿನ್ನ ಸೇಠ್‌ರಿಂದ, ಇಂಥವರು ನಮ್ಮ ಅತಿಥಿ ಎಂದು ಒಂದು ಹಾಳೆಯಲ್ಲಿ ಬರೆಸಿ ಕಳಿಸು.

ನೀನು ಫೆಬ್ರುವರಿ ಎಂದೆ, ನಾನು ಒಪ್ಪಿದೆ. ಆದರೆ ಫೆಬ್ರುವರಿ ಮೀರಬಾರದು. ಯಾಕೆ ಎಂದು ಕೇಳಬೇಡ. ಪರೀಕ್ಷೆಗೆ ಕೂತ ಹುಡುಗ ಇನ್ನೊಂದು ಸ್ವಲ್ಪ ಹೊತ್ತು ಕೊಡಿ ಸಾರ್ ಎಂದು ಕೇಳುತ್ತಾನಲ್ಲ, ನಾನು ಯಾರಿಗೂ ಕೊಟ್ಟವನಲ್ಲ. ಈಗ ನನಗೂ ಯಾರೂ ಕೊಡುವ ಹಾಗಿಲ್ಲ.

ಕುಂಡ ಓಡಿಹೋಗುವುದಿಲ್ಲ ಎಂದು ಬರೆದಿದ್ದೀ. ಅದು ಸರಿ.

ಮರಿಲಿಂಗಪ್ಪ

•

ಅರೂಷಾ
೧೫ ಡಿಸೆಂಬರ್ ೧೯೯೬

ಮಾಸ್ತರರಿಗೆ,

ಸೇಠ್ ಊರಲ್ಲಿಲ್ಲ, ಪತ್ರ ಬರೆಸಲಾಗಲಿಲ್ಲ. ಬಂದ ಮೇಲೆ ರಂಜಾನ್. ರಂಜಾನ್ ಮುಗಿದು ಈದ್ ಆದ ಮೇಲೆ ನೋಡೋಣವೇ? ಮಾರ್ಚ್ ಎಂದುಕೊಳ್ಳಿ. ಸಿಟ್ಟಾಗಬೇಡಿ. ಅಮ್ಮಿಗೆ ಸಲಾಮು.

ಖಾಜಾ

•

ಶಹಾಪುರ
೧೨ ಜನವರಿ ೧೯೯೭

ಖಾಜಾಮಿಯಾ,

ದೆಹಲಿಯಿಂದ ವೀಸಾ ಫಾರಂ ಬಂತು. ಜೊತೆಗೆ ಒಂದು ಬಣ್ಣದ ಪುಸ್ತಿಕೆ ಇತ್ತು, ಗೊರೊಂಗೊರೊ ಬಗ್ಗೆ ಮೂರು ಪುಟ. ಮಾಳಿಗೆಯ ಮೇಲೆ ಬಿಸಿಲಿಗೆ ಕೂತು ನಾಲ್ಕು ದಿನ ಓದಿದೆ. ಎರಡನೆಯ ಪುಟದಲ್ಲಿ ಒಂದು ಸಾಲಿದೆ. ಕುಂಡದೊಳಗೆ ಆನೆ, ಸಿಂಹ, ಘೇಂಡಾಮೃಗ, ಕಾಡೆಮ್ಮೆ ಎಲ್ಲ ಇವೆ. ಜಿರಾಫೆ ಇಲ್ಲ. ಗೋಡೆ ಬಹಳ ಕಡಿದು, ಉದ್ದ ಕಾಲಿನ ಆ ಪ್ರಾಣಿ ಇಳಿಯಲಾರದು. ಮೇಲೆ ಸುತ್ತಮುತ್ತ ತಿರುಗಾಡುತ್ತದಂತೆ, ಒಳಗೆ ಒಂದೂ ಇಲ್ಲವಂತೆ.

ಮೊದಲು ನಕ್ಕೆ. ಮೂವತ್ತು ವರ್ಷ, ಎಷ್ಟು ಸಾವಿರ ಮಕ್ಕಳಿಗೆ ನಾನು ಕುಂಡದ ನಡುವೆ ಜಿರಾಫೆ ಬರೆದು ತೋರಿಸಿದೆ! ಶಹಾಪುರ ತಾಲೂಕಿನ ಅರ್ಧ ಮಂದಿಯ ತಲೆಯಲ್ಲಿ ಆ ಜಿರಾಫೆ ನಿಂತಿದೆ. ಮೋನಮ್ಮನನ್ನು ಕರೆದು ಹೇಳಿದೆ, ಅವಳೂ ನಕ್ಕಳು.

ಆಮೇಲೆ ನಗು ನಿಂತಿತು. ಇನ್ನು ನೀನೇ ಹೇಳು. ತಾಯಿ, ತಂದೆ, ಮರಿ ಎಂದು ಬರೆದೆಯಲ್ಲ, ಎಲ್ಲಿ ಕಂಡೆ? ಕನ್ನಡಿಯಲ್ಲಿ ಮುಖ ನೋಡಿಕೊಂಡ ಮರಿ ಯಾವುದು? ಅದು ನಾನು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು, ಖಾಜಾ. ಅದಕ್ಕೆ ನೀನು ಮರಿ ಹಾಕಿಸಿದ್ದೀ, ಅಷ್ಟೆ.

ನೀನು ಆ ಕುಂಡದೊಳಗೆ ಇಳಿದಿಲ್ಲ. ಇಳಿಯದಿದ್ದುದಕ್ಕೆ ನನಗೆ ಸಿಟ್ಟಿಲ್ಲ. ಜುಲೈಯಲ್ಲಿ ಒಂದು ಸಾಲು ಬರೆದಿದ್ದರೆ ಸಾಕಿತ್ತು. ನೀನು ನವೆಂಬರ್ ಎಂದೆ, ಫೆಬ್ರುವರಿ ಎಂದೆ, ಮಾರ್ಚ್ ಎಂದೆ. ಪ್ರತಿ ಸಲ ನಾನು ಆಗಲಿ ಎಂದೆ. ನನಗೆ ಬಹಳ ನೋವಾಗಿದೆ. ನಿಜ ಏನಿದೆ ಬರೆ.

ಮರಿಲಿಂಗಪ್ಪ

•

ಅರೂಷಾ
೪ ಫೆಬ್ರುವರಿ ೧೯೯೭

ಮಾಸ್ತರರೇ,

ಇದನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಅಮ್ಮಿಗೆ ಓದಿ ಹೇಳಬೇಡಿ.

ನಾನು ಜೀಪು ಓಡಿಸುವವನಲ್ಲ. ಜೀಪಿನ ಕೆಳಗೆ ಮಲಗುವವನು. ಭೀಮರಾಯನಗುಡಿಯಲ್ಲಿ ಹೇಗಿದ್ದೆನೋ ಇಲ್ಲಿಯೂ ಹಾಗೇ ಇದ್ದೇನೆ. ಬೆಳಿಗ್ಗೆ ಜೀಪುಗಳು ಹೋಗುತ್ತವೆ, ಎರಡು ದಿನ ಬಿಟ್ಟು ಬಿಳಿ ದೂಳು ಮೆತ್ತಿಕೊಂಡು ಬರುತ್ತವೆ. ನಾನು ದೂಳು ತೊಳೆದು ಸ್ಪ್ರಿಂಗ್‌ಪಟ್ಟಿ ಬದಲಿಸುತ್ತೇನೆ. ಕುಂಡದ ದೂಳನ್ನು ಐದು ವರ್ಷದಿಂದ ತೊಳೆಯುತ್ತಿದ್ದೇನೆ. ಗೊರೊಂಗೊರೊ ಗೇಟಿನ ಆಚೆ ಹೋಗಿಲ್ಲ. ಹೊರದೇಶದವನನ್ನು ಒಳಗೆ ಬಿಡಲು ಕಟ್ಟಬೇಕಾದ ಹಣ ನನ್ನ ಕೈಗೆ ಎಟುಕುವಂಥದ್ದಲ್ಲ. ಪಾಸ್‌ಪೋರ್ಟು ಸೇಠ್‌ರ ತಿಜೋರಿಯಲ್ಲಿದೆ. ಕೇಳಿದರೆ "ಎಲ್ಲಿಗೆ ಹೊರಟೆ?" ಎನ್ನುತ್ತಾರೆ.

ಇಲ್ಲಿಗೆ ಬಂದ ಹೊಸದರಲ್ಲಿ ನೀವು ಪತ್ರದಲ್ಲಿ ಬರೆದಿರಿ, "ಅಲ್ಲಿ ಏನೇನು ಮೃಗ ಅದಾವ ಅಂತ ನಿನ್ನ ಅಮ್ಮಿ ಕೇಳಾಕತ್ತಾಳ" ಎಂದು. ಕಂಡದ್ದು ನಾಯಿ, ಕಾಗೆ. ಅದನ್ನು ಬರೆಯಲು ಮನಸ್ಸಾಗಲಿಲ್ಲ. ನಿಮ್ಮ ಬೋರ್ಡಿನ ಜಿರಾಫೆ ನೆನಪಾಯಿತು, ಬರೆದೆ. ಅಮ್ಮಿ ಓಣಿಗೆಲ್ಲ ಹೇಳಿದಳು ಎಂದು ನೀವು ಬರೆದಿರಿ. ಇನ್ನು ಅದನ್ನು ವಾಪಸ್ ತೆಗೆದುಕೊಳ್ಳುವುದು ಹೇಗೆ? ಮುಂದಿನ ಸಲ ಎರಡು ಜಿರಾಫೆ ಬರೆದೆ.

ನಿಮ್ಮನ್ನು ಕರೆದದ್ದು ಮಾತ್ರ ಸುಳ್ಳಲ್ಲ. ಪ್ರತಿ ಸಲ ಮನಸ್ಸಿನಿಂದಲೇ ಕರೆದೆ. ನೀವು ನಿಜವಾಗಿ ಬರುತ್ತೀರಿ ಎಂದುಕೊಂಡಿರಲಿಲ್ಲ. ಬರುತ್ತೇನೆ ಎಂದಾಗ ಅತ್ತ ದರಿ ಇತ್ತ ಪುಲಿ ಆಯಿತು. ಒಂದಿಷ್ಟು ತಿಂಗಳು ತಳ್ಳಿದರೆ ಏನಾದರೂ ದಾರಿ ಹುಡುಕಬಹುದು, ಇಲ್ಲವೇ ನಿಮಗೇ ಬೇಸರ ಬಂದು ಬಿಡುತ್ತೀರಿ ಎಂದು ನೋಡಿದೆ. ಮೂರು ತಿಂಗಳು ತಡವಾದರೆ ಯಾರಿಗೇನು ನಷ್ಟ ಎಂದುಕೊಂಡೆ.

ನನ್ನ ಕಿವಿ ಹಿಂಡಿ. ಬಯ್ದು ಬರೆಯಿರಿ. ಬರೆಯದೆ ಮಾತ್ರ ಇರಬೇಡಿ.

ನಿಮ್ಮ ಕೆಟ್ಟ ಶಿಷ್ಯ,
ಖಾಜಾಮಿಯಾ

•

ಶಹಾಪುರ
೨೩ ಫೆಬ್ರುವರಿ ೧೯೯೭

ತಮ್ಮಾ ಖಾಜಾ,

ನಾನು ಮೋನಮ್ಮ, ಮಾಸ್ತರರ ಹೆಂಡತಿ. ನಿನಗೆ ಎಷ್ಟು ಸಲ ರೊಟ್ಟಿ ಬಡಿದು ಹಾಕಿದ್ದೇನೆ, ಪತ್ರ ಮಾತ್ರ ಇದೇ ಮೊದಲು. ನಾನು ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ. ಪಕ್ಕದಲ್ಲೇ ಕುಳಿತಿದ್ದಾರೆ. ಸೊಪ್ಪು ಸೋಸುತ್ತಿದ್ದೇನೆ ಎಂದು ಹೇಳಿದ್ದೇನೆ.

ನಿನ್ನ ಪತ್ರವನ್ನು ಅವರು ಓದಲಿಲ್ಲ. ನಾನು ಓದಿ ಹೇಳಿದೆ. ಅವರಿಗೆ ಓದಲು ಆಗುವುದಿಲ್ಲ ಈಗ. ಬಲಗಣ್ಣು ಪೂರ್ತಿ ಹೋಗಿದೆ. ಎಡಗಣ್ಣಿನಲ್ಲಿ ಸೂಜಿ ಚುಚ್ಚಿದ ಕಾಗದದಿಂದ ನೋಡಿದಷ್ಟು ಕಾಣುತ್ತದೆ. ಕಳೆದ ಆಗಸ್ಟಿನಲ್ಲೇ ಡಾಕ್ಟರು ಆಪರೇಶನ್ ಮಾಡಿಸಿ ಎಂದಿದ್ದರಂತೆ. ನನಗೆ ಬರೀ ಔಷಧ ಹಾಕಿಕೊಳ್ಳಬೇಕು ಎಂದು ಹೇಳಿದರು. ನಿನ್ನೆ ಗಾದಿ ಬಿಸಿಲಿಗೆ ಹಾಕುವಾಗ ಅದರ ಕೆಳಗೆ ಈ ಪತ್ರ ಸಿಕ್ಕಿತು. ನಿನಗೆ ಬರೆದು ಕಳಿಸದೆ ಇಟ್ಟದ್ದು. ಇದರೊಳಗೆ ಇಟ್ಟಿದ್ದೇನೆ, ಓದು. ನಾನು ಓದಿ ಒಲೆಯ ಮುಂದೆ ಕುಳಿತು ಅತ್ತೆ.

"ನನಗ ಯಾಕ ಹೇಳ್ಲಿಲ್ರಿ?" ಎಂದು ಜಗಳ ತೆಗೆದೆ. "ಹೇಳಿದ್ರ ನೀ ಬಿಡ್ತಿದ್ದಿಲ್ಲ. ಖಾಜಾಗ ಹೇಳಿದ್ರ ಅವ ಬಿಡ್ತಿದ್ದಿಲ್ಲ. ಒಂದ ಒಂದು ಸಲ ನೋಡಿ ಬಂದು ಹೇಳೂಣು ಅಂತ ಇದ್ದೆ" ಎಂದರು. ಜಗಳಕ್ಕೆ ಬನ್ನಿ ಎಂದರೂ ಬರಲಿಲ್ಲ.

ಇನ್ನೊಂದು ಮಾತು. ನಿನ್ನ ಡಿಸೆಂಬರಿನ ಪತ್ರದಲ್ಲಿ ಇದ್ದದ್ದು ನಾಲ್ಕು ಸಾಲು. ಅದನ್ನು ಹಿಡಿದು ಇವರು ನಿನ್ನ ಅಮ್ಮಿಗೆ ಕಾಲು ತಾಸು ಓದಿದರು. ನೀನು ಕುಂಡಕ್ಕೆ ಇಳಿದದ್ದು, ಕೆರೆಯ ದಂಡೆಯಲ್ಲಿ ಕೆಂಪು ಹಕ್ಕಿ ಎದ್ದದ್ದು, ಘೇಂಡಾಮೃಗ ನಿನ್ನ ನೋಡಿ ದಾರಿ ಬಿಟ್ಟದ್ದು, ಎಲ್ಲ ಹೇಳಿದರು. ನಾನು ಬಾಗಿಲಲ್ಲಿ ನಿಂತು ಕೇಳಿದೆ. ಎಂಥ ಚಂದದ ಪತ್ರ ಎಂದು ಆಮೇಲೆ ತೆಗೆದು ನೋಡಿದರೆ ಅದರಲ್ಲಿ ಏನೂ ಇರಲಿಲ್ಲ. ಬಿಸಿಲಲ್ಲಿ ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದುವಷ್ಟೇ ಉಳಿದಿತ್ತು. ಕಣ್ಣು ಅಷ್ಟು ಹೋಗಿದೆ ಎಂದು ನನಗೆ ತಿಳಿದದ್ದೇ ಅವತ್ತು.

ಮುಂದಿನ ವಾರ ಸೊಲ್ಲಾಪುರದಲ್ಲಿ ಎಡಗಣ್ಣಿನ ಆಪರೇಶನ್. ತಡವಾಗಿದೆ ಎಂದು ಅಲ್ಲಿಯ ಡಾಕ್ಟರು ಹೇಳಿದ್ದಾರೆ. ನಿನ್ನನ್ನು ಬಯ್ಯಬೇಕೆಂದು ಕೂತೆ ತಮ್ಮಾ. ಬಯ್ಯಲು ಹೋದರೆ ಅವರನ್ನೂ ಬಯ್ಯಬೇಕಾಗುತ್ತದೆ.

ಮೋನಮ್ಮ

•

ಅರೂಷಾ
೧೨ ಮಾರ್ಚ್ ೧೯೯೭

ಅಮ್ಮನವರೇ, ಮಾಸ್ತರರೇ,

ಇಬ್ಬರಿಗೂ ಬರೆಯುತ್ತಿದ್ದೇನೆ. ಆ ಪತ್ರವನ್ನು ಓದಿದೆ. "ಖಾತ್ರಿ ಇರುವ ಆಫ್ರಿಕಾ" ಎಂದು ಬರೆದಿದ್ದೀರಿ. ಮಾಸ್ತರರೇ, ಆ ಖಾತ್ರಿ ನಾನು. ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಮೂರನೆಯ ದಿನ ಸೇಠ್‌ರ ಕಾಲು ಹಿಡಿದೆ. ಅವರೂ ಮನುಷ್ಯರೇ, ತಿಜೋರಿ ತೆರೆದು ಪಾಸ್‌ಪೋರ್ಟು ಕೊಟ್ಟರು, ಅತಿಥಿ ಪತ್ರವನ್ನೂ ಟೈಪು ಮಾಡಿಸಿ ಕೊಟ್ಟರು. ಇದರೊಂದಿಗೆ ಇದೆ. ಒಳಗೆ ಹೋಗುವ ಖರ್ಚು ನನ್ನದು. ಒಂದು ಜೀಪು, ಒಬ್ಬ ಡ್ರೈವರು, ನಿಮಗೆ ಬೇಕಾದ ದಿನ.

ಆಪರೇಶನ್ ಹೇಗಾಯಿತು? ಸೂಜಿಮೊನೆಯಷ್ಟು ಉಳಿದಿದ್ದರೂ ಬನ್ನಿ. ಏನೂ ಉಳಿಯದಿದ್ದರೂ ಬನ್ನಿ. ನಾನು ಕೈ ಹಿಡಿದು ಅಂಚಿನ ಮೇಲೆ ನಿಲ್ಲಿಸುತ್ತೇನೆ. ಎಡಕ್ಕೆ ಏನಿದೆ, ಬಲಕ್ಕೆ ಏನಿದೆ, ಒಂದೊಂದನ್ನೂ ಹೇಳುತ್ತೇನೆ. ಈ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಬರುತ್ತೇನೆ ಎಂದು ಒಂದು ಸಾಲು ಬರೆಯಿರಿ.

ಖಾಜಾ

•

ಶಹಾಪುರ
೯ ಏಪ್ರಿಲ್ ೧೯೯೭

ಚಿರಂಜೀವಿ ಖಾಜಾನಿಗೆ,

ನಾನು ಹೇಳುತ್ತಿದ್ದೇನೆ, ಮೋನಮ್ಮ ಬರೆಯುತ್ತಿದ್ದಾಳೆ. ನಿನ್ನೆ ಯುಗಾದಿ ಆಯಿತು. ಬೇವು ಬೆಲ್ಲ ಕೊಟ್ಟರು, ನಾಲಿಗೆಗೆ ಎರಡೂ ತಿಳಿದವು.

ಕಣ್ಣಿನ ಪಟ್ಟಿ ಬಿಚ್ಚಿ ಮೂರು ವಾರವಾಯಿತು. ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ತಿಳಿಯುತ್ತದೆ. ಬಾಗಿಲಲ್ಲಿ ನಿಂತವರು ಯಾರು ಎಂದು ತಿಳಿಯುವುದಿಲ್ಲ. ಇದಕ್ಕಿಂತ ಹೆಚ್ಚು ಆಗುವುದಿಲ್ಲ ಎಂದು ಡಾಕ್ಟರು ಹೇಳಿದರು. ಪಾಪ, ಅವರು ಮೆಲ್ಲಗೆ ಹೇಳಿದರು.

ನಿನ್ನ ಮೇಲೆ ಸಿಟ್ಟಿದೆ, ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚಿದೆ. ನೀನು ಒಂದು ಸಾಲು ಬರೆದಿದ್ದರೆ ನಾನು ಆಗಸ್ಟಿನಲ್ಲೇ ಆಪರೇಶನ್ನಿಗೆ ಹೋಗುತ್ತಿದ್ದೆ. ನಾನು ಒಂದು ಪತ್ರ ಅಂಚೆಗೆ ಹಾಕಿದ್ದರೆ ನೀನು ಆಗಸ್ಟಿನಲ್ಲೇ ನಿಜ ಬರೆಯುತ್ತಿದ್ದೆ. ಇಬ್ಬರೂ ಒಬ್ಬರಿಗೊಬ್ಬರು ಬೇಸರ ಮಾಡಬಾರದು ಎಂದು ನೋಡಿದೆವು. ಇದನ್ನು ಎಷ್ಟು ತಿರುಗಿಸಿದರೂ ಅಲ್ಲಿಗೇ ಬಂದು ನಿಲ್ಲುತ್ತದೆ. ಇನ್ನು ಆ ಲೆಕ್ಕ ಬಿಡು.

ನಿನ್ನ ಅಮ್ಮಿಗೆ ನಾವು ಏನೂ ಹೇಳಿಲ್ಲ. ಹೇಳಬೇಕಾದವನು ನೀನು, ನಿನಗೆ ಯಾವಾಗ ಆಗುತ್ತದೋ ಆಗ ಹೇಳು. ಪತ್ರ ಇನ್ನು ಮೋನಮ್ಮ ಓದುತ್ತಾಳೆ. ನೀನು ಬರೆದದ್ದನ್ನು ಮಾತ್ರ ಅವಳು ಓದುತ್ತಾಳೆ, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಬನ್ನಿ ಎಂದು ಕರೆದಿದ್ದೀ. ಅತಿಥಿ ಪತ್ರ ತಲುಪಿತು, ಮೋನಮ್ಮ ಓದಿ ಹೇಳಿದಳು, ಸೇಠ್‌ರಿಗೆ ನನ್ನ ನಮಸ್ಕಾರ ಹೇಳು. ಅವಳು ಹೋಗಿ ಬನ್ನಿ ಎನ್ನುತ್ತಾಳೆ. "ನಾನೂ ಬರ್ತೀನ್ರಿ, ಇಬ್ರೂ ಹೋಗೂಣು" ಎಂದು ಎರಡು ದಿನದಿಂದ ಗಂಟು ಬಿದ್ದಿದ್ದಾಳೆ. ಇದನ್ನು ಬರೆಯಲು ಅವಳಿಗೆ ಮನಸ್ಸಿಲ್ಲ, ಆದರೂ ಬರೆಯುತ್ತಾಳೆ.

ನಾನು ಬರುವುದಿಲ್ಲ ಖಾಜಾ. ಅಂಚಿನ ಮೇಲೆ ನಿಲ್ಲಿಸಿ ನೀನು ಒಂದೊಂದನ್ನೂ ಹೇಳುತ್ತೀ, ನಾನು ತಲೆಯಾಡಿಸುತ್ತೇನೆ. ಮೂವತ್ತು ವರ್ಷ ನಾನು ಮಾಡಿದ್ದು ಅದೇ ಕೆಲಸ, ನೋಡದವರ ಮುಂದೆ ನಿಂತು ಹೇಳುವುದು. ಹೇಳುವುದರಲ್ಲಿ ಏನೆಲ್ಲ ಬರುವುದಿಲ್ಲ ಎಂದು ನನ್ನಷ್ಟು ತಿಳಿದವರು ಯಾರೂ ಇಲ್ಲ. ಅದಕ್ಕೇ ಒಂದು ಸಲ ನೋಡಬೇಕಿತ್ತು.

ಪಾಸ್‌ಪೋರ್ಟು ನಿನ್ನ ಕೈಯಲ್ಲಿದೆ. ಜೀಪು ಗೊತ್ತು ಮಾಡಿದ್ದೀ. ಬಿಡಬೇಡ. ಮಳೆ ಮುಗಿದ ಕೂಡಲೇ ಹೋಗು. ಡ್ರೈವರನಿಗೆ ನಿಧಾನವಾಗಿ ಇಳಿಸು ಎಂದು ಹೇಳು. ಇಡೀ ದಿನ ಇರು. ಎರಡೂ ಕಣ್ಣು ತೆರೆದು ನೋಡು.

ನೋಡಿದ್ದನ್ನು ನನಗೆ ಬರೆಯಬೇಡ.

ಇಂತಿ ನಿನ್ನ ಮಾಸ್ತರ,
ಮರಿಲಿಂಗಪ್ಪ